ನಡುವೆ ನಿಂತ ಓದು



ದೇವರ ಕೋಣೆಯಲ್ಲಿ ವಿಭೂತಿ ಗಟ್ಟಿಯ ಪಕ್ಕದ ಟ್ರಂಕಿನಲ್ಲಿ ಜಮೀನಿನ ಪಟ್ಟಾ ಇಟ್ಟು, ಹಬ್ಬದ ದಿನ ಅದಕ್ಕೂ ಎರಡು ಹೂವು ಏರಿಸುವ ಮನೆಗಳು ನಮ್ಮಲ್ಲಿ ಇವೆ. ಅದರಲ್ಲಿ ಏನು ಬರೆದಿದೆ ಎಂದು ಕೇಳಿದರೆ ಯಜಮಾನರು ಮಗನ ಮುಖ ನೋಡುತ್ತಾರೆ.

ನಮ್ಮ ಶರಣರ ವಚನಗಳಿಗೂ ಬಹುಕಾಲ ಇದೇ ಗತಿಯಾಗಿತ್ತು. ಓಲೆಗರಿಯ ಕಟ್ಟುಗಳಿಗೆ ಪೂಜೆ ಸಲ್ಲುತ್ತಿತ್ತು, ಓದುವವರು ಮಾತ್ರ ವಿರಳ. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಅಂಥ ಕಟ್ಟುಗಳನ್ನು ಹುಡುಕಿ, ಬಿಚ್ಚಿ ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದರು. ಹಗ್ಗ ಹೊಸೆದ ಚಂದಯ್ಯನವರು, ದೋಣಿ ನಡೆಸಿದ ಚೌಡಯ್ಯನವರು, ಅಕ್ಕಿ ಆಯ್ದ ಲಕ್ಕಮ್ಮನವರು ಆಡಿದ ಮಾತು ಹೀಗೆ ನಮ್ಮ ಕೈಗೆ ಬಂತು. ಇವರು ಯಾರೂ ಕಾಯಕ ಬಿಟ್ಟು ಅನುಭಾವಕ್ಕೆ ಕುಳಿತವರಲ್ಲ. ಆದ್ದರಿಂದ ದುಡಿಯುವ ಕೈಗೆ ಪುಸ್ತಕ ಒಗ್ಗದು ಎಂಬ ಮಾತನ್ನು ನಮ್ಮವರ ಬಾಯಿಂದ ಕೇಳಲು ನಮಗೆ ಇಷ್ಟವಿಲ್ಲ.

ನಡುವಟ್ಟಂ, ಗೂಡಲೂರು ಕಡೆಯ ಜೀವನ ನಾವು ಅರಿಯದ್ದಲ್ಲ. 1860ರ ದಶಕದಲ್ಲಿ ಸಿಂಕೋನ ತೋಟ ಎದ್ದಾಗಿನಿಂದ ಆ ಬೆಟ್ಟಕ್ಕೆ ನಾನಾ ಕಡೆಯ ಜನ ದುಡಿಯಲು ಬಂದಿದ್ದಾರೆ. ಒಂದೇ ಬಸ್ಸಿನಲ್ಲಿ ತಮಿಳು, ಬಡಗ, ಕನ್ನಡ, ಮಲಯಾಳ ನಾಲ್ಕೂ ಕೇಳುತ್ತವೆ. ಮನೆಯದು ಒಂದು ಭಾಷೆ, ಶಾಲೆಯದು ಇನ್ನೊಂದು. ಇದರ ನಡುವೆ ಏಳಕ್ಕೋ ಎಂಟಕ್ಕೋ ಓದು ನಿಲ್ಲಿಸಿ ತೋಟಕ್ಕೆ, ಅಂಗಡಿಗೆ ಇಳಿದವರು ಬಹಳ. ಮದುವೆಯಾಯಿತೆಂದು ಶಾಲೆ ಬಿಟ್ಟ ಹೆಣ್ಣುಮಕ್ಕಳು ಇನ್ನೂ ಬಹಳ. “ಅಂಗಡಿ ನಡೆಯುತ್ತಿದೆ ಬುದ್ಧಿ, ಈ ವಯಸ್ಸಿನಲ್ಲಿ ಪರೀಕ್ಷೆ ಯಾಕೆ?” ಎನ್ನುವವರುಂಟು. ಅಂಗಡಿ ನಡೆಯುತ್ತದೆ ನಿಜ. ಬ್ಯಾಂಕಿನ ಸಾಲಪತ್ರದಲ್ಲಿ ಬಡ್ಡಿಯ ಸಾಲು ಯಾವುದೆಂದು ನೋಡದೆ ರುಜು ಹಾಕುವುದೂ ನಡೆಯುತ್ತದೆ. ಗಲ್ಫಿಗೆ ಹೊರಡುವ ಹುಡುಗ ಹತ್ತನೆಯ ತರಗತಿ ಪಾಸಾಗಿದ್ದರೆ ಅವನ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಷರತ್ತು ಬೀಳುವುದಿಲ್ಲ, ಇಲ್ಲದಿದ್ದರೆ ಸಾಮಾನ್ಯವಾಗಿ ಬೀಳುತ್ತದೆ.

ದಾರಿ ಇದೆ. ಭಾರತ ಸರ್ಕಾರ 1989ರಲ್ಲಿ ತೆರೆದ ರಾಷ್ಟ್ರೀಯ ಮುಕ್ತ ಶಾಲೆ ಈಗ ಎನ್.ಐ.ಒ.ಎಸ್. ಎಂಬ ಹೆಸರಿನಲ್ಲಿದೆ. ಅಲ್ಲಿ ಹತ್ತನೆಯ ತರಗತಿಗೆ ಹದಿನಾಲ್ಕು ತುಂಬಿರಬೇಕು, ಮೇಲಿನ ಮಿತಿ ಇಲ್ಲ. ಎಂಟನೆಯ ತರಗತಿಯ ಸರ್ಟಿಫಿಕೇಟು ಕಳೆದಿದ್ದರೆ, ಈ ಪಾಠ ಓದುವಷ್ಟು ಕಲಿತಿದ್ದೇನೆ ಎಂದು ತಾವೇ ಬರೆದುಕೊಡಬಹುದು. ಐದು ವಿಷಯ ಪಾಸಾಗಬೇಕು, ಒಂದಾದರೂ ಭಾಷೆಯಿರಬೇಕು. ಐದನ್ನೂ ಒಟ್ಟಿಗೆ ಹೊರಬೇಕಾಗಿಲ್ಲ. ಹೆಸರು ದಾಖಲಿಸಿದ ಮೇಲೆ ಐದು ವರ್ಷ, ಒಂಬತ್ತು ಅವಕಾಶ. ಪಾಸಾದ ವಿಷಯದ ಅಂಕ ಉಳಿದುಕೊಳ್ಳುತ್ತದೆ. ಭಾರವಾದ ಚೀಲಗಳನ್ನು ಒಂದೊಂದಾಗಿ ಮೆಟ್ಟಿಲು ಹತ್ತಿಸುವ ನಮ್ಮ ವ್ಯಾಪಾರಸ್ಥರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕೆ? ದಿನಾ ರೊಕ್ಕದ ಪುಸ್ತಕ ಬರೆಯುವವರು ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ ತೆಗೆದುಕೊಳ್ಳಬಹುದು. ಮನೆ ನಡೆಸಿದ ತಾಯಂದಿರಿಗೆ ಗೃಹವಿಜ್ಞಾನವಿದೆ. ಮುಂದೆ ತಾಂತ್ರಿಕ ಓದು ಬಯಸುವ ಹುಡುಗರು ಮಾತ್ರ ಗಣಿತ, ವಿಜ್ಞಾನ ಬಿಡಬಾರದು.

ಅರ್ಜಿಗೆ ಮೊದಲು ಭಾಷೆಯನ್ನು ತೀರ್ಮಾನಿಸಿರಿ. ಗಡಿಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಎನ್.ಐ.ಒ.ಎಸ್.ನಲ್ಲಿ ಕನ್ನಡ ಒಂದು ಭಾಷಾ ವಿಷಯವಾಗಿ ಇದೆ. ಉಳಿದ ವಿಷಯಗಳನ್ನು ಯಾವ ಮಾಧ್ಯಮದಲ್ಲಿ ಬರೆಯುವಿರಿ, ಆ ಮಾಧ್ಯಮದ ಪುಸ್ತಕ ಸಿಗುತ್ತದೆಯೆ ಎಂದು ಅಧ್ಯಯನ ಕೇಂದ್ರದಲ್ಲಿ ಕೇಳಿ, ಅನಂತರ ಹಣ ಕಟ್ಟಿರಿ. ಸರ್ಕಾರಿ ಕೆಲಸ ಮನಸ್ಸಿನಲ್ಲಿದ್ದರೆ ಆ ಇಲಾಖೆ ಯಾವ ಸರ್ಟಿಫಿಕೇಟು ಒಪ್ಪುತ್ತದೆಂದೂ ವಿಚಾರಿಸಿರಿ. ತಮಿಳುನಾಡಿನ ಹತ್ತನೆಯ ತರಗತಿಗೆ ಖಾಸಗಿಯಾಗಿ ಕುಳಿತುಕೊಳ್ಳುವ ದಾರಿಯೂ ಇದೆ. ಕೇರಳದ ಸಾಕ್ಷರತಾ ಮಿಷನ್ ನಡೆಸುವ ಹತ್ತನೆಯ ತರಗತಿಯ ತತ್ಸಮಾನ ಪರೀಕ್ಷೆಯನ್ನು ಕಾಸರಗೋಡಿನ ನಮ್ಮವರು ಕನ್ನಡದಲ್ಲೇ ಬರೆಯುತ್ತಾರೆ. ಅದೇ ಮಿಷನ್ನಿನ ಸಾಕ್ಷರತಾ ಪರೀಕ್ಷೆಯಲ್ಲಿ 2018ರಲ್ಲಿ ಆಲಪ್ಪುಳದ ಕಾರ್ತ್ಯಾಯಿನಿ ಅಮ್ಮ ತಮ್ಮ 96ನೆಯ ವಯಸ್ಸಿನಲ್ಲಿ ನೂರಕ್ಕೆ 98 ಅಂಕ ಪಡೆದರು. ನಲವತ್ತಕ್ಕೇ ಮುದುಕರಾದೆವೆನ್ನುವವರಿಗೆ ನಾವು ಇನ್ನೇನು ಹೇಳೋಣ!

ಪರೀಕ್ಷೆ ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್-ನವೆಂಬರಿನಲ್ಲಿ ಒಮ್ಮೆ ನಡೆಯುತ್ತದೆ. ಏಪ್ರಿಲ್-ಮೇ ಎಂದರೆ ಉದಕಮಂಡಲದ ಸೀಸನ್. ಅಂಗಡಿಯವರಿಗೆ ಉಸಿರಾಡಲು ಬಿಡುವಿಲ್ಲ. ಅವರು ಅಕ್ಟೋಬರಿನದನ್ನು ಹಿಡಿಯುವುದು ಮೇಲು. ನಡುವಟ್ಟಂ ಪಡುವಣ ಅಂಚಿನಲ್ಲಿರುವುದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಬಿಡುವುದಿಲ್ಲ, ಸಂಜೆಯಾದರೆ ಹೊರಗೆ ಕೆಲಸವಿಲ್ಲ. ಆ ಸಂಜೆಗಳು ಓದಿನವು. ಇನ್ನೊಂದು ಮಾತು: ಮಚ್ಚು, ಗುದ್ದಲಿ ಹಿಡಿದ ಬೆರಳು ಅರ್ಧ ಗಂಟೆ ಬರೆಯುವಷ್ಟರಲ್ಲಿ ಸೆಟೆದುಕೊಳ್ಳುತ್ತದೆ. ಉತ್ತರ ತಲೆಯಲ್ಲಿದ್ದೂ ಕಾಗದಕ್ಕೆ ಇಳಿಯದೆ ಅಂಕ ಹೋಗುತ್ತದೆ. ದಿನಾ ಒಂದು ಪುಟ ಕೈಯಲ್ಲಿ ಬರೆಯಿರಿ. ಕೊನೆಯ ತಿಂಗಳು ಹಳೆಯ ಪ್ರಶ್ನೆಪತ್ರಿಕೆ ಮುಂದಿಟ್ಟು, ಗಡಿಯಾರ ನೋಡಿ, ಪೂರ್ತಿ ಹೊತ್ತು ಕುಳಿತು ಬರೆಯಿರಿ. ಓದುವುದಕ್ಕಿಂತ ಇದೇ ಕಷ್ಟ.

ದುಡ್ಡು ಕೊಟ್ಟರೆ ಪಾಸು ಮಾಡಿಸಿ ಕೊಡುತ್ತೇವೆ ಎನ್ನುವ ದಲ್ಲಾಳಿಗಳು ಬಾಗಿಲಿಗೇ ಬರುತ್ತಾರೆ. ಬೇರೆಯವರ ಕೈಯಿಂದ ಪರೀಕ್ಷೆ ಬರೆಸಿದವನು ಲಿಂಗದ ಮುಂದೆ ಯಾವ ಮುಖದಿಂದ ಕೂರುತ್ತಾನೆ? ಕಾಯಕವಿಲ್ಲದ ಗಳಿಕೆ ಅಕ್ಕಿಯಾದರೂ ಒಂದೇ, ಸರ್ಟಿಫಿಕೇಟಾದರೂ ಒಂದೇ. ಅಂಥವರನ್ನು ಹೊಸ್ತಿಲು ದಾಟಿಸಬೇಡಿರಿ.

ಅಕ್ಷರವೇ ಬಾರದ ಹಿರಿಯರಿಗೆ 2022ರಿಂದ ನವಭಾರತ ಸಾಕ್ಷರತಾ ಕಾರ್ಯಕ್ರಮವಿದೆ. ಹದಿನೈದು ದಾಟಿದ ಯಾರೂ ಸೇರಬಹುದು. ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕಗಳ ಪರೀಕ್ಷೆ. ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ದಾಸೋಹವೆಂದರೆ ಅನ್ನವೊಂದೇ ಎಂದು ತಿಳಿದವರು ಇದನ್ನು ಗಮನಿಸಬೇಕು. ಕಾಲೇಜು ಓದುತ್ತಿರುವ ಮಕ್ಕಳಿರುವ ಮನೆಗಳು ವಾರಕ್ಕೆ ಎರಡು ಸಂಜೆ ಪಡಸಾಲೆ ಬಿಟ್ಟುಕೊಡಲಿ, ಆ ಮಕ್ಕಳೇ ಕಲಿಸಲಿ. ಸೊಸೆ ಪುಸ್ತಕ ಹಿಡಿದ ಹೊತ್ತಿಗೆ ಅತ್ತೆಯವರು ಒಲೆಯ ಮುಂದೆ ಕೂರಲಿ. ಮೊದಲ ಸಂಜೆಯ ಪಾಠಕ್ಕೆ ಪುಸ್ತಕ ಬರುವವರೆಗೆ ಕಾಯಬೇಕಾಗಿಲ್ಲ. ಟ್ರಂಕಿನಿಂದ ಪಟ್ಟಾ ತೆಗೆದು, ಸರ್ವೆ ನಂಬರು ಯಾವುದು, ವಿಸ್ತೀರ್ಣ ಎಷ್ಟು, ಹೆಸರು ಯಾರದು ಎಂದು ಎಲ್ಲರೂ ಸೇರಿ ಓದಿರಿ.