ಗೋರಿಯ ಎತ್ತರ, ಸ್ಮರಣೆಯ ಆಯುಷ್ಯ

ಮೃತರ ಸ್ಮರಣಾರ್ಥವಾಗಿ ಕಟ್ಟಡವನ್ನು ಕಟ್ಟಿಸುವುದು ಧರ್ಮವೋ, ಅಹಂಕಾರದ ಇನ್ನೊಂದು ರೂಪವೋ? ತಂದೆ-ತಾಯಿಗಳ ಹೆಸರು ಉಳಿಯುವಂತೆ ಏನನ್ನಾದರೂ ಕಟ್ಟಿಸಬೇಕೆಂಬ ಅಪೇಕ್ಷೆ ಚಿಕ್ಕೋಡಿ, ರಾಯಬಾಗ, ನಿಪ್ಪಾಣಿಗಳ ಮನೆತನಗಳಲ್ಲಿಯೂ ಇರುವುದರಿಂದ ಈ ಪ್ರಶ್ನೆ ಅರಸರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಆದರೂ ಉತ್ತರಕ್ಕಾಗಿ ಅರಸರ ಕಟ್ಟಡಗಳನ್ನು ನೋಡುವುದು ಉಚಿತ. ಅವುಗಳ ಜಮಾ-ಖರ್ಚನ್ನು ಕಾಲವು ಈಗಾಗಲೇ ಬರೆದು ಮುಗಿಸಿದೆ.

ಅಥಣಿಯಿಂದ ಪೂರ್ವಕ್ಕೆ ಸಾಗಿದರೆ ವಿಜಯಪುರ. ಪಾರಸಿ ಭಾಷೆಯನ್ನು ಪೋಷಿಸಿದ ಆದಿಲಶಾಹಿ ಅರಸರು ಇರಾನಿನ ಗುಮ್ಮಟ-ಕಮಾನುಗಳ ಸಂಪ್ರದಾಯವನ್ನು ಇಲ್ಲಿಯ ಕಪ್ಪು ಕಲ್ಲಿನೊಡನೆ ಬೆಸೆದರು. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಗೋಳಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು. ಒಳಗೆ ಆಧಾರಕ್ಕೆ ಒಂದು ಕಂಬವೂ ಇಲ್ಲ; ಒಂದನ್ನೊಂದು ಛೇದಿಸುವ ಕಮಾನುಗಳೇ ಭಾರವನ್ನು ಹೊತ್ತಿವೆ. ಮಗ ಎರಡನೆಯ ಅಲಿ ಆದಿಲಶಹನು ಅದನ್ನೂ ಮೀರಿಸುವ ಅಳತೆಯಲ್ಲಿ ತನ್ನ ಗೋರಿಯನ್ನು ಆರಂಭಿಸಿದನು. 1672ರಲ್ಲಿ ಅವನು ಮಡಿದನು. ಛಾವಣಿಯಿಲ್ಲದ ಬಾರಾ ಕಮಾನು ಇಂದಿಗೂ ಹಾಗೆಯೇ ನಿಂತಿದೆ. ಹದಿನಾಲ್ಕು ವರ್ಷಗಳ ನಂತರ, 1686ರಲ್ಲಿ, ರಾಜ್ಯವೇ ಔರಂಗಜೇಬನ ವಶವಾಯಿತು.

ಇದಕ್ಕೂ ಬಹು ಹಿಂದೆ, ಪ್ರಾಚೀನ ಪರ್ಶಿಯಾದಲ್ಲಿ, ಸೈರಸ್ ಚಕ್ರವರ್ತಿಯ ಗೋರಿ ಎನಿಸಿದ ಪಾಸರ್ಗಾಡೇಯ ಕಟ್ಟಡವೆಂದರೆ ಆರು ಮೆಟ್ಟಿಲುಗಳ ಜಗಲಿಯ ಮೇಲೆ ಒಂದು ಚಿಕ್ಕ ಕಲ್ಲಿನ ಕೋಣೆ, ಅಷ್ಟೆ. ಅನಂತರ ಡೇರಿಯಸ್ ಆರಂಭಿಸಿದ ಪರ್ಸೆಪೊಲಿಸ್ ಅರಮನೆಗಳಲ್ಲಿಯಾದರೋ ಗಗನಚುಂಬಿ ಕಂಬಗಳು, ಕಾಣಿಕೆ ತರುವ ನಾನಾ ದೇಶೀಯರ ಉಬ್ಬುಶಿಲ್ಪಗಳು. ಕ್ರಿ.ಪೂ. 330ರಲ್ಲಿ ಆ ಅರಮನೆಗಳು ಅಲೆಕ್ಸಾಂಡರನ ಕಾಲದಲ್ಲಿ ಬೆಂಕಿಗೆ ಆಹುತಿಯಾದವು. ಅದೇ ಅಲೆಕ್ಸಾಂಡರನು, ಕಳ್ಳರು ದೋಚಿದ್ದ ಸೈರಸನ ಗೋರಿಯನ್ನು ಕಂಡು ಮರುಗಿ, ಅದನ್ನು ಸರಿಪಡಿಸಲು ಆಜ್ಞಾಪಿಸಿದನೆಂದು ಗ್ರೀಕ್ ಇತಿಹಾಸಕಾರರು ಹೇಳುತ್ತಾರೆ. ವೈರಿಯ ಮನಸ್ಸಿನಲ್ಲಿಯೂ ಆದರವನ್ನು ಹುಟ್ಟಿಸಿದ್ದು ಕಲ್ಲಿನ ಎತ್ತರವಲ್ಲ, ಒಳಗೆ ಮಲಗಿದವನ ನಡತೆಯ ಕೀರ್ತಿ.

ಹಾಗಾದರೆ ಶಿಲ್ಪಕಲೆಯೇ ತ್ಯಾಜ್ಯವೇ? ಹಾಗೆ ಹೇಳಲಾಗದು. ವಸ್ತುವಿಗಿಂತ ವಸ್ತುವಿನ ಮೇಲಣ ಮಮತೆಯೇ ಪರಿಗ್ರಹ. ಕಟ್ಟಡ ಅನೇಕರಿಗೆ ಅನ್ನ ನೀಡುತ್ತದೆ, ನೋಡುವವರಿಗೆ ಆನಂದ ನೀಡುತ್ತದೆ. ವಿಜಯಪುರದ ಇಬ್ರಾಹಿಂ ರೋಜಾದ ಶಾಸನದಲ್ಲಿ ಅದನ್ನು ಕಟ್ಟಿದ ಮಲಿಕ್ ಸಂದಲನ ಹೆಸರೂ ಇದೆ, ಇದು ಪ್ರಶಂಸನೀಯ. ಪರ್ಸೆಪೊಲಿಸ್‌ನಲ್ಲಿ 1933ರಲ್ಲಿ ಸಾವಿರಾರು ಮಣ್ಣಿನ ಫಲಕಗಳು ದೊರೆತವು. ಅವು ಡೇರಿಯಸನ ಕಾಲದ ಲೆಕ್ಕಪತ್ರಗಳು. ಕೆಲಸಗಾರರಿಗೆ ಅಳೆದ ಧಾನ್ಯ, ಹೆರಿಗೆಯಾದ ಹೆಂಗಸರಿಗೆ ಕೊಟ್ಟ ಹೆಚ್ಚಿನ ಪಡಿ ಅವುಗಳಲ್ಲಿ ದಾಖಲಾಗಿವೆ. ವ್ಯಾಪಾರಿಯ ಕಣ್ಣಿಗೆ ಆ ಅರಮನೆಯ ಅತ್ಯಂತ ಗೌರವಾರ್ಹ ಅವಶೇಷ ಇದೇ. ಕಂಬಗಳು ಅರಸನ ವೈಭವವನ್ನು ಹೇಳುತ್ತವೆ. ಫಲಕಗಳು ಆ ವೈಭವಕ್ಕಾಗಿ ದುಡಿದವರು ಉಂಡದ್ದನ್ನು ಹೇಳುತ್ತವೆ.

ಆದುದರಿಂದ ದೋಷವಿರುವುದು ಕಟ್ಟುವುದರಲ್ಲಲ್ಲ, ಇನ್ನೊಬ್ಬರನ್ನು ಮೀರಿಸುವ ಹಂಬಲದಲ್ಲಿ. ಹಿರಿಯರ ಹೆಸರಿನಲ್ಲಿ ಕಟ್ಟಿಸುವವರು ತಮ್ಮ ಶಕ್ತಿಯನ್ನರಿತು ಆರಂಭಿಸಲಿ, ಆರಂಭಿಸಿದ್ದನ್ನು ಸಾಲವಿಲ್ಲದೆ ಮುಗಿಸಲಿ. ಮೊದಲು ಕೂಲಿಯ ಬಾಕಿ ಸಂದಾಯವಾಗಲಿ. ಹೆಸರಿನ ಕಲ್ಲನ್ನು ಕೂಡಿಸುವುದು ಆಮೇಲಿನ ಮಾತು.