ಸ್ತ್ರೀವಿದ್ಯೆಯೂ ಗೃಹಧರ್ಮವೂ

ಸ್ತ್ರೀಯರಿಗೆ ವಿದ್ಯೆಯೇಕೆಂದು ಕೇಳಿದರೆ, ತಾಯಿಯೇ ಮಕ್ಕಳ ಮೊದಲ ಗುರುವಾದುದರಿಂದ ಎಂದು ಹಲವರು ಉತ್ತರ ಕೊಡುವರು. ಮಾತು ಸುಳ್ಳಲ್ಲ, ಆದರೆ ಅಷ್ಟೇ ಸಾಲದು. ಮಕ್ಕಳಿಗಾಗಿ ಮಾತ್ರವೇ ಆಕೆ ಕಲಿಯಬೇಕೆಂದರೆ ಆಕೆಯ ಸ್ವಂತ ಅರಿವಿಗೆ ಬೆಲೆಯಿಲ್ಲವೆಂದಂತಾಯಿತು. ಹೆಣ್ಣಿಗೂ ಗಂಡಿಗೂ ಒಂದೇ ಇಷ್ಟಲಿಂಗವನ್ನು ಕರುಣಿಸುವ ಧರ್ಮದಲ್ಲಿ, ಅಂಗದ ಮೇಲೆ ಲಿಂಗವನ್ನಿತ್ತು ಕೈಗೆ ಪುಸ್ತಕವನ್ನು ಕೊಡೆನೆಂಬುದು ಯಾವ ನ್ಯಾಯ?

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಕೇಳದ ಭಕ್ತರು ವಿರಳ. ಕಲ್ಯಾಣದಲ್ಲಿ ಶರಣರ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಮಾರಯ್ಯನು ಅನುಭವಗೋಷ್ಠಿಯಲ್ಲಿ ಮೈಮರೆತಾಗ, ಕಾಯಕದ ವೇಳೆ ಮೀರಿತೆಂದು ಎಚ್ಚರಿಸಿದವಳು ಲಕ್ಕಮ್ಮ. ಒಂದು ದಿನ ಆತನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದು ಆಸೆಯೆಂದು ಹೇಳಿ, ತಂದಲ್ಲಿಯೇ ಸುರಿದು ಬರುವಂತೆ ಕಳುಹಿದವಳೂ ಆಕೆಯೇ. ಮಾರಯ್ಯನು ಹಾಗೆಯೇ ಮಾಡಿದನು. ಅದರಿಂದ ಆತನ ಮಾನಕ್ಕೆ ಯಾವ ಕುಂದೂ ಬರಲಿಲ್ಲ. ಬೇಕಾದುದೆಷ್ಟು, ಮಿಕ್ಕುದೆಷ್ಟು ಎಂದು ಅಳೆಯುವ ವಿವೇಕ, ಅಳೆದುದನ್ನು ಪತಿಯ ಮುಂದೆ ನುಡಿಯುವ ಧೈರ್ಯ, ಇವೆರಡೂ ಕೂಡಿದರೆ ಅದು ವಿದ್ಯೆ. ಓದು ಬರಹವು ಅದಕ್ಕೆ ಸಾಧನ. ಸಾಲಪತ್ರದಲ್ಲಿ ಏನಿದೆಯೆಂದರಿಯದೆ ಹೆಬ್ಬೆಟ್ಟು ಒತ್ತುವ ಗೃಹಿಣಿಯು, ಮನೆಗೆ ಬಂದ ಹಣ ಎಲ್ಲಿಯದೆಂದು ಕೇಳುವುದಾದರೂ ಹೇಗೆ? ಆಕೆ ಕೇಳದ ಮನೆಯಲ್ಲಿ ಆಸೆಗೆ ತಡೆಯಿಲ್ಲ. ಹಾಗೆ ಬಂದ ದ್ರವ್ಯದಿಂದ ಮಾಡಿದ ದಾಸೋಹವು ದಾಸೋಹವೆನಿಸದು.

ಇತ್ತೀಚಿನ ಕಾಲದಲ್ಲಿ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರನ್ನು ನೆನೆಯಬೇಕು. ಮರಾಠಿಯಲ್ಲಿ ಶಾಲೆ ಕಲಿತ ಆ ತಾಯಿಯವರು ಸ್ವಪ್ರಯತ್ನದಿಂದ ಕನ್ನಡವನ್ನು ಒಲಿಸಿಕೊಂಡು ಸಿದ್ಧರಾಮೇಶ್ವರರ ಪುರಾಣವನ್ನೇ ರಚಿಸಿದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಆ ಪೀಠವೇರಿದ ಸ್ತ್ರೀಯರಲ್ಲಿ ಅವರೇ ಮೊದಲಿಗರು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪುರುಷರಲ್ಲಿ ನೂರಕ್ಕೆ ಸುಮಾರು 82 ಮಂದಿಯೂ ಸ್ತ್ರೀಯರಲ್ಲಿ ಸುಮಾರು 68 ಮಂದಿಯೂ ಅಕ್ಷರಸ್ಥರು. ಈ ಅಂತರವು ಹುಟ್ಟಿದ್ದು ಮನೆಗಳಲ್ಲಿ. ಮಗನ ಓದಿಗೆ ಹೊಲವನ್ನು ಒತ್ತೆಯಿಡುವ ಗೃಹಸ್ಥರೇ ಮಗಳ ಸರದಿ ಬಂದಾಗ ಕಾಲೇಜು ದೂರವೆಂದೋ, ವರ ಸಿದ್ಧನಿರುವನೆಂದೋ ಹೇಳುವುದುಂಟು. ವರನ ಮಾತು ನೆಪ. ದೂರದ ಮಾತಿನಲ್ಲಿ ಮಾತ್ರ ಸ್ವಲ್ಪ ಸತ್ಯವಿದೆ. ಅದಕ್ಕೆ ಉಪಾಯವನ್ನು ಹಿರಿಯರು ಗಂಡುಮಕ್ಕಳ ವಿಷಯದಲ್ಲಿ ಎಂದೋ ಕಂಡುಕೊಂಡರು, ಉಚಿತ ಪ್ರಸಾದನಿಲಯಗಳನ್ನು ಕಟ್ಟಿದರು. ಅಂಥ ನಿಲಯವಿರುವ ಊರಿನಲ್ಲಿ ಹೆಣ್ಣುಮಕ್ಕಳಿಗೂ ಒಂದಿದೆಯೇ ಎಂದು ಭಕ್ತರು ಮುಂದಿನ ಜಾತ್ರೆಗೆ ಹೋದಾಗ ವಿಚಾರಿಸಿ ನೋಡಲಿ.