ಪೆಟ್ಟು ರೋಗಿಗೆ ಬೀಳದಿರಲಿ



ಆಸ್ಪತ್ರೆಯೂ ಕಾಯಕದ ನೆಲೆ. ವೈದ್ಯರು, ದಾದಿಯರು, ಆಯಾಗಳು ಎಲ್ಲರೂ ಕಾಯಕಜೀವಿಗಳೇ. ನಾಲ್ಕು ಜನ ಕೂಡಿದಲ್ಲಿ ಮಾತಿಗೆ ಮಾತು ಬರುವುದು ಸಹಜ. ಆದರೆ ಹಿರಿಯರ ಬೈಗುಳಕ್ಕೆ ಅಂಜಿ ದಾದಿ ಬಾಯಿ ಮುಚ್ಚಿದರೆ ಪೆಟ್ಟು ಬೀಳುವುದು ರೋಗಿಗೆ.

ಈ ಅಂಜಿಕೆ ಬಿಡಿಸಲು ದಾರಿಯಿದೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಸ್ತ್ರಚಿಕಿತ್ಸೆಗೆ 19 ಅಂಶಗಳ ಪಟ್ಟಿ ಕೊಟ್ಟಿತು. ಕೊಯ್ಯುವ ಮುನ್ನ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಿ, ರೋಗಿ ಯಾರು, ಕೊಯ್ಯುವ ಜಾಗ ಯಾವುದು ಎಂದು ಬಾಯಿಬಿಟ್ಟು ಖಚಿತಪಡಿಸಬೇಕು. ದೆಹಲಿಯೂ ಸೇರಿದಂತೆ 8 ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪಾಲಿಸಿದ ಮೇಲೆ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು.

ತಪ್ಪು ತೋರಿಸಿದವರು ಹಗೆಗಳಲ್ಲ. ‘ಯಾರು ದೊಡ್ಡವರು’ ಎಂಬುದನ್ನು ಬಿಟ್ಟು ‘ರೋಗಿಗೆ ಯಾವುದು ಹಿತ’ ಎಂದು ಕೇಳಬೇಕು. ಸಿಟ್ಟಿದ್ದರೆ ಕೆಲಸ ಮುಗಿದ ಮೇಲೆ ಇಬ್ಬರೇ ಕುಳಿತು ಮಾತಾಡಿ ತೀರಿಸಿಕೊಳ್ಳಬೇಕು. ಆಸ್ಪತ್ರೆಯಲ್ಲಿ ದುಡಿಯುವ ನಿಮ್ಮ ಮಕ್ಕಳಿಗೆ ಇದನ್ನು ತಿಳಿಸಿ.